ಲೇಬಲ್ಲಿನ ಒಂದು ಸಾಲು: ‘ದಿ ಟೀನೇಜರ್ಸ್’ ತಂಡದ ಪ್ರಕರಣ

ಏಳು ಇಂಚಿನ ಗ್ರಾಮಫೋನ್ ತಟ್ಟೆಯ ನಡುವೆ ಒಂದು ದುಂಡು ಕಾಗದ ಇರುತ್ತದೆ. ಅದರ ಮೇಲೆ ಕಂಪನಿಯ ಹೆಸರು, ಹಾಡಿನ ಹೆಸರು, ಹಾಡಿದವರ ಹೆಸರು ಎದ್ದು ಕಾಣುವ ಹಾಗೆ ಅಚ್ಚಾಗಿರುತ್ತವೆ. ಇವುಗಳ ಸಂದಿಯಲ್ಲಿ ಇರುವೆ ಸಾಲಿನಂಥ ಇನ್ನೊಂದು ಸಾಲು ಇರುತ್ತದೆ. ಹಾಡನ್ನು ಬರೆದವರು ಯಾರು ಎಂದು ಹೇಳುವ ಸಾಲು ಅದು. ತಟ್ಟೆ ತಿರುಗುವಾಗ ಅದನ್ನು ಓದಲು ಬರುವುದಿಲ್ಲ, ನಿಂತಾಗ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ನ್ಯೂಯಾರ್ಕಿನ ಐವರು ಹುಡುಗರ ಬದುಕು ಈ ಸಾಲಿನೊಳಗೆ ಸಿಕ್ಕಿಕೊಂಡು ನಲವತ್ತು ವರ್ಷ ಒದ್ದಾಡಿತು. ತಂಡವಾಗಿ ಅವರು ಹಾಡಿದ್ದು ಎರಡು ವರ್ಷವೂ ಇಲ್ಲ.

ತಂಡದ ಹೆಸರು ‘ದಿ ಟೀನೇಜರ್ಸ್’. ಮುಂದಾಳು ಗಾಯಕ ಫ್ರ್ಯಾಂಕಿ ಲೈಮನ್. ಈ ಕತೆಯನ್ನು ಸಾಮಾನ್ಯವಾಗಿ ಹೇಳುವುದು ಲೈಮನ್ನನ ಹೆರಾಯಿನ್ ಚಟ ಮತ್ತು ಅವನ ವಿಧವೆಯರೆಂದು ಹೇಳಿಕೊಂಡು ಬಂದ ಮೂವರು ಹೆಂಗಸರ ಸುತ್ತ. 1998ರಲ್ಲಿ ಒಂದು ಹಾಲಿವುಡ್ ಸಿನಿಮಾ ಕೂಡ ಹಾಗೆಯೇ ಹೇಳಿತು. ರೋಚಕವೇನೋ ಹೌದು. ಆದರೆ ಉಳಿದ ನಾಲ್ವರು ಆ ಕತೆಯಲ್ಲಿ ಹಿನ್ನೆಲೆಯ ‘ಊ, ಆ’ ದನಿಗಳಾಗಿಯೇ ಉಳಿದುಬಿಡುತ್ತಾರೆ. ನಾನು ಇಲ್ಲಿ ಹಿಂದಿನ ಸಾಲಿನಿಂದ ಶುರುಮಾಡುತ್ತೇನೆ.

ಶರ್ಮನ್ ಗಾರ್ನ್ಸ್ ಮತ್ತು ಜಿಮ್ಮಿ ಮರ್ಚೆಂಟ್ ಕಪ್ಪು ಹುಡುಗರು. ಹರ್ಮನ್ ಸ್ಯಾಂಟಿಯಾಗೊ ಮತ್ತು ಜೋ ನೆಗ್ರೋನಿ ಪೋರ್ಟೊರಿಕೊ ಮೂಲದವರು. ನಾಲ್ವರೂ 1940–41ರ ಆಸುಪಾಸಿನಲ್ಲಿ ಹುಟ್ಟಿದವರು. ಮ್ಯಾನ್‌ಹಟನ್ನಿನ ಉತ್ತರ ಭಾಗದ, ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿಗೆ ತಾಗಿಕೊಂಡಿರುವ ವಾಷಿಂಗ್ಟನ್ ಹೈಟ್ಸ್‌ನ ಸ್ಟಿಟ್ ಜೂನಿಯರ್ ಹೈಸ್ಕೂಲು ಅವರನ್ನು ಒಟ್ಟು ಹಾಕಿತು. ತಂಡಕ್ಕೆ ಅವರು ಒಂದಾದ ಮೇಲೊಂದರಂತೆ ಹೆಸರಿಟ್ಟುಕೊಂಡರು: ಅರ್ಥ್ ಏಂಜೆಲ್ಸ್, ಕೂಪ್ ಡೆ ವಿಲ್ಸ್, ಎರ್ಮೈನ್ಸ್, ಪ್ರೀಮಿಯರ್ಸ್. ಆಗಿನ ಪ್ರಸಿದ್ಧ ತಂಡಗಳಿಗೆ ಹಕ್ಕಿಗಳ ಹೆಸರೋ ಕಾರುಗಳ ಹೆಸರೋ ಇರುತ್ತಿದ್ದವು. ಓರಿಯೋಲ್ಸ್, ರೇವನ್ಸ್, ಪೆಂಗ್ವಿನ್ಸ್, ಕ್ಯಾಡಿಲಾಕ್ಸ್. ಹುಡುಗರೂ ಅದೇ ಗಾಳಿಯಲ್ಲಿದ್ದರು.

ಈ ಗಾಯನಕ್ಕೆ ‘ಡೂ-ವಾಪ್’ ಎಂಬ ಹೆಸರು ಅಂಟಿಕೊಂಡದ್ದು ಆಮೇಲೆ. ಹಾಡುತ್ತಿದ್ದವರಿಗೆ ಅದು ಬರೀ ಬೀದಿ ಮೂಲೆಯ ಹಾಡು. ಅದಕ್ಕೆ ವಾದ್ಯ ಬೇಕಿಲ್ಲ, ಅಂದರೆ ದುಡ್ಡು ಬೇಕಿಲ್ಲ. ಬೇಕಾದದ್ದು ನಾಲ್ಕೈದು ಗಂಟಲು ಮತ್ತು ಒಂದು ಒಳ್ಳೆಯ ಪ್ರತಿಧ್ವನಿ. ಬಹುಮಹಡಿ ಕಟ್ಟಡದ ಮೆಟ್ಟಿಲಿನ ಗೂಡು, ಶಾಲೆಯ ಓಣಿ, ಬಿಳಿ ಹೆಂಚು ಹೊದೆಸಿದ ಸುರಂಗ ರೈಲು ನಿಲ್ದಾಣ. ದನಿ ಗೋಡೆಗೆ ಬಡಿದು ದುಂಡಗಾಗಿ ಹಿಂತಿರುಗುವ ಜಾಗ ಎಲ್ಲಿದ್ದರೂ ಅಲ್ಲೊಂದು ತಂಡ ಇರುತ್ತಿತ್ತು. ಮಂದ್ರದಲ್ಲಿ ಹಾಡುವವನು ಕೊಳಲಿಲ್ಲದ, ಮೃದಂಗವಿಲ್ಲದ ಆ ಕಛೇರಿಗೆ ಶ್ರುತಿಯೂ ಹೌದು, ತಾಳವೂ ಹೌದು. ಅವನ ‘ಡುಂ ಡ ಡುಂ’ ಎಂಬ ಅರ್ಥವಿಲ್ಲದ ಅಕ್ಷರಗಳ ಮೇಲೆ ನಡುದನಿಯ ಇಬ್ಬರು ಹಾಸು ಹಾಸುತ್ತಾರೆ. ಅದರ ಮೇಲೆ ಮುಂದಾಳು ನಡೆಯುತ್ತಾನೆ. ಸ್ವರಗುಚ್ಛಗಳ ಸರಣಿಯೂ ನೂರಾರು ಹಾಡುಗಳಲ್ಲಿ ಒಂದೇ: ನಾಲ್ಕು ಹೆಜ್ಜೆ ಸುತ್ತಿ ಹೊರಟಲ್ಲಿಗೇ ಬರುವುದು. ಹೀಗಿರುವಾಗ ಒಂದು ಹಾಡನ್ನು ಇನ್ನೊಂದರಿಂದ ಬೇರ್ಪಡಿಸುವುದು ರಾಗಕ್ಕಿಂತ ಹೆಚ್ಚಾಗಿ ಆ ಐವರು ಅದನ್ನು ಹಂಚಿಕೊಳ್ಳುವ ರೀತಿ.

ಐದನೆಯವನು ಲೈಮನ್, ಅವನೂ ಕಪ್ಪು ಹುಡುಗ. 1942ರ ಸೆಪ್ಟೆಂಬರ್ 30ರಂದು ಹಾರ್ಲೆಮ್ಮಿನಲ್ಲಿ ಹುಟ್ಟಿದವನು. ಅಪ್ಪ ಕ್ರೈಸ್ತ ಭಕ್ತಿಗೀತೆಗಳ ತಂಡವೊಂದರಲ್ಲಿ ಹಾಡುತ್ತಿದ್ದ. ಹುಡುಗ ದಿನಸಿ ಅಂಗಡಿಯಲ್ಲಿ ಸಾಮಾನು ಹೊರುವ ಕೆಲಸ ಮಾಡುತ್ತಿದ್ದ. ಹನ್ನೆರಡರ ವಯಸ್ಸಿನಲ್ಲಿ ಈ ನಾಲ್ವರ ಜೊತೆ ಸೇರಿಕೊಂಡ. ಆಗ ಮುಂದಾಳು ಗಾಯಕ ಸ್ಯಾಂಟಿಯಾಗೊ.

ಹಾಡು ಹುಟ್ಟಿದ ಬಗೆ ತಂಡದವರೇ ಹೇಳಿಕೊಂಡಂತೆ ಹೀಗಿದೆ. ಗಾರ್ನ್ಸ್ ಇದ್ದ ಕಟ್ಟಡದ ನಿವಾಸಿಯೊಬ್ಬ, ದಿನಾ ಇವರ ಅಭ್ಯಾಸ ಕೇಳಿಸಿಕೊಳ್ಳುತ್ತಿದ್ದವನು, ತನ್ನ ಗೆಳತಿ ಬರೆದ ಪ್ರೇಮಪತ್ರಗಳ ಕಟ್ಟನ್ನು ತಂದುಕೊಟ್ಟ. ಬೇರೆಯವರ ಹಾಡನ್ನೇ ಹಾಡುತ್ತೀರಲ್ಲ, ಇದರಿಂದ ನಿಮ್ಮದೇ ಒಂದು ಮಾಡಿಕೊಳ್ಳಿ ಎಂಬ ಭಾವ. ಒಂದು ಪತ್ರದಲ್ಲಿ ಹಕ್ಕಿಗಳು ಯಾಕಿಷ್ಟು ಉಲ್ಲಾಸದಿಂದ ಹಾಡುತ್ತವೆ ಎಂಬ ಪ್ರಶ್ನೆ ಇತ್ತು. ಸ್ಯಾಂಟಿಯಾಗೊ ಮತ್ತು ಮರ್ಚೆಂಟ್ ಅದನ್ನು ಹಿಡಿದು ಹಾಡು ಕಟ್ಟತೊಡಗಿದರು. ಪತ್ರ ಬರೆದ ಆ ಹೆಣ್ಣುಮಗಳ ಹೆಸರು ಯಾವ ಲೇಬಲ್ಲಿನಲ್ಲೂ ಬರಲಿಲ್ಲ. ಅದನ್ನು ಯಾವ ಕೋರ್ಟೂ ಕೇಳಲಿಲ್ಲ.

1955ರಲ್ಲಿ ‘ವ್ಯಾಲಂಟೈನ್ಸ್’ ತಂಡದ ರಿಚರ್ಡ್ ಬ್ಯಾರೆಟ್ ಈ ಹುಡುಗರನ್ನು ಕೇಳಿ, ಜಾರ್ಜ್ ಗೋಲ್ಡ್ನರ್ ಎಂಬ ನಿರ್ಮಾಪಕನ ಬಳಿ ಕರೆದುಕೊಂಡು ಹೋದ. ಗೋಲ್ಡ್ನರ್ ಲ್ಯಾಟಿನ್ ನೃತ್ಯ ಸಂಗೀತದ ಧ್ವನಿಮುದ್ರಿಕೆಗಳಿಂದ ವ್ಯಾಪಾರ ಶುರುಮಾಡಿದ ಮನುಷ್ಯ. ಹದಿಹರೆಯದವರ ಕಿವಿಗೆ ಏನು ಹಿಡಿಸುತ್ತದೆ ಎಂಬುದನ್ನು ಮೂಗಿನಿಂದಲೇ ಕಂಡುಹಿಡಿಯಬಲ್ಲವನು ಎಂಬ ಹೆಸರಿತ್ತು. ಜೊತೆಗೆ ಕುದುರೆ ಜೂಜಿನ ಹುಚ್ಚು. ಅವನ ಮುಂದೆ ಹಾಡುವ ದಿನ ಸ್ಯಾಂಟಿಯಾಗೊನಿಗೆ ಗಂಟಲು ಕೆಟ್ಟಿತ್ತು, ಅದಕ್ಕೆ ಲೈಮನ್ ಮುಂದೆ ಬಂದ ಎಂಬುದು ಪ್ರಚಾರದಲ್ಲಿರುವ ಕತೆ. ಲೈಮನ್ನನ ದನಿ ಕೇಳಿದ ಗೋಲ್ಡ್ನರನೇ ಅವನನ್ನು ಮುಂದೆ ನಿಲ್ಲಿಸಿದ ಎಂಬುದು ಇನ್ನೊಂದು. ನನಗೆ ಎರಡನೆಯದೇ ಸಹಜವೆನಿಸುತ್ತದೆ. ಶೀತದ ಕತೆಯಲ್ಲಿ ಯಾರೂ ಯಾರನ್ನೂ ಪಕ್ಕಕ್ಕೆ ತಳ್ಳಿದಂತಾಗುವುದಿಲ್ಲವಲ್ಲ. ಹೇಗಾದರೂ ಸರಿ, ಲೈಮನ್ ಹಾಡುವಾಗ ಧಾಟಿಯನ್ನು ತನ್ನ ಗಂಟಲಿಗೆ ತಕ್ಕಂತೆ ಬದಲಿಸಿಕೊಂಡ. ಹಕ್ಕಿಯ ಪ್ರಶ್ನೆ ಒಳಗೆ ಸರಿಯಿತು, ಮೂಢರು ಯಾಕೆ ಪ್ರೀತಿಗೆ ಬೀಳುತ್ತಾರೆ ಎಂಬ ಸಾಲು ಹಾಡಿನ ಹೆಸರಾಯಿತು: ‘ವೈ ಡು ಫೂಲ್ಸ್ ಫಾಲ್ ಇನ್ ಲವ್’.

ಮುದ್ರಿಕೆಯನ್ನು ಇಂದು ಕೇಳಿದರೂ ಮೊದಲು ಬರುವುದು ಲೈಮನ್ ಅಲ್ಲ, ಗಾರ್ನ್ಸ್. ಒಂಟಿಯಾಗಿ, ವಾದ್ಯವಿಲ್ಲದೆ, ಮಂದ್ರದಲ್ಲಿ ಅವನ ಆ ಅರ್ಥವಿಲ್ಲದ ಅಕ್ಷರಗಳು ಉರುಳಿಕೊಂಡು ಬರುತ್ತವೆ. ಉಳಿದವರು ಅವನ ಮೇಲೆ ಏರುತ್ತಾರೆ. ಆಮೇಲೆ ಹದಿಮೂರರ ಹುಡುಗನ ದನಿ, ಇನ್ನೂ ಒಡೆಯದ ದನಿ, ಎಲ್ಲರ ತಲೆಯ ಮೇಲಿಂದ ಹಾರಿ ಹೋಗುತ್ತದೆ. ನಡುವೆ ಜಿಮ್ಮಿ ರೈಟ್ ಬಳಗದ ಸ್ಯಾಕ್ಸೊಫೋನ್. ಒಟ್ಟು ಎರಡೂಕಾಲು ನಿಮಿಷದ ಆಟ. 1956ರ ಜನವರಿಯಲ್ಲಿ ಗೋಲ್ಡ್ನರನ ‘ಗೀ’ ಕಂಪನಿ ಅದನ್ನು ಹೊರತಂದಿತು. ಹಾಡುಗಳ ಜನಪ್ರಿಯತೆ ಅಳೆಯುವ ಅಮೆರಿಕದ ಪಾಪ್ ಪಟ್ಟಿಯಲ್ಲಿ ಆರನೆಯ ಸ್ಥಾನ, ಕಪ್ಪು ಸಂಗೀತದ ‘ರಿದಮ್ ಅಂಡ್ ಬ್ಲೂಸ್’ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನ, ಜುಲೈ ಹೊತ್ತಿಗೆ ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನ. ಅದೇ ವರ್ಷ ಬಿಳಿಯ ಗಾಯಕಿ ಗೇಲ್ ಸ್ಟಾರ್ಮ್, ಬಿಳಿಯರ ತಂಡ ‘ಡೈಮಂಡ್ಸ್’ ಇದೇ ಹಾಡನ್ನು ಹಾಡಿ ಪಟ್ಟಿಗೆ ಏರಿದರು.

ಈಗ ಆ ಮೊದಲ ತಟ್ಟೆಯ ಲೇಬಲ್ ನೋಡೋಣ. ಹಾಡಿದವರು: ದಿ ಟೀನೇಜರ್ಸ್, ಮುಖ್ಯ ದನಿ ಫ್ರ್ಯಾಂಕಿ ಲೈಮನ್. ಬರೆದವರು: ಲೈಮನ್, ಸ್ಯಾಂಟಿಯಾಗೊ, ಗೋಲ್ಡ್ನರ್. ಮರ್ಚೆಂಟ್ ಆಗಲೇ ಇಲ್ಲ. ಮುಂದಿನ ಮುದ್ರಣಗಳಲ್ಲಿ ಸ್ಯಾಂಟಿಯಾಗೊ ಇಲ್ಲ, ಲೈಮನ್ ಮತ್ತು ಗೋಲ್ಡ್ನರ್ ಮಾತ್ರ. ಗೋಲ್ಡ್ನರ್ ತನ್ನ ಕಂಪನಿಗಳನ್ನು ಮೋರಿಸ್ ಲೆವಿ ಎಂಬವನಿಗೆ ಮಾರಿದ ಮೇಲೆ ಗೋಲ್ಡ್ನರನೂ ಹೋಗಿ ಅವನ ಜಾಗಕ್ಕೆ ಲೆವಿ ಬಂದ. ಹಾಡು ಕಟ್ಟಿದಾಗ ಆ ಕೋಣೆಯಲ್ಲೇ ಇಲ್ಲದವನು ಕೆಲವು ವರ್ಷಗಳ ನಂತರ ಅದನ್ನು ಬರೆದವನಾದ. ಇತ್ತ ತಂಡದ ಹೆಸರಿನ ಸಾಲೂ ಬದಲಾಗಿತ್ತು: ಈಗ ಅದು ‘ಫ್ರ್ಯಾಂಕಿ ಲೈಮನ್ ಅಂಡ್ ದಿ ಟೀನೇಜರ್ಸ್’.

ಈ ಸಣ್ಣ ಸಾಲಿಗೆ ಯಾಕಿಷ್ಟು ಬೆಲೆ ಎಂಬುದು ಅಮೆರಿಕದ ಲೆಕ್ಕ ತಿಳಿಯದಿದ್ದರೆ ಅರ್ಥವಾಗುವುದಿಲ್ಲ. ಅಲ್ಲಿ ಸಾಮಾನ್ಯ (ಎ.ಎಂ., ಎಫ್.ಎಂ.) ರೇಡಿಯೊದಲ್ಲಿ ಒಂದು ಹಾಡು ಬಂದರೆ ಹಾಡಿದವರಿಗೆ ಬಿಡಿಗಾಸೂ ಸಲ್ಲುವುದಿಲ್ಲ. ಸಲ್ಲುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ, ಅಂದರೆ ಹಾಡಿನ ಹಕ್ಕು ಹಿಡಿದ ಕಂಪನಿಗೆ. ತಟ್ಟೆ ಮಾರಾಟದಿಂದ ಗಾಯಕರಿಗೆ ಪಾಲು ಇತ್ತು, ಆದರೆ ಸ್ಟುಡಿಯೊ ಬಾಡಿಗೆ, ಮುಂಗಡ ಎಂದು ಕಂಪನಿ ಅದರಿಂದ ಮುರಿದುಕೊಳ್ಳುವುದು ರೂಢಿ. ಬರೆದವರ ಪಾಲಿಗೆ ಹಾಗಲ್ಲ: ಆಗ ಜಾರಿಯಲ್ಲಿದ್ದ 1909ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಪ್ರತಿ ತಟ್ಟೆಯ ಪ್ರತಿ ಹಾಡಿಗೆ ಎರಡು ಸೆಂಟ್, ಪ್ರಕಾಶಕರು ಮತ್ತು ಬರೆದವರು ಅರ್ಧರ್ಧ ಹಂಚಿಕೊಳ್ಳುವುದು. ಹತ್ತು ಲಕ್ಷ ಪ್ರತಿ ಹೋದರೆ ಇಪ್ಪತ್ತು ಸಾವಿರ ಡಾಲರ್. ಸ್ಟಾರ್ಮ್ ಹಾಡಿದರೂ ಈ ಗಾಲಿ ತಿರುಗುತ್ತದೆ, ಡೈಮಂಡ್ಸ್ ಹಾಡಿದರೂ ತಿರುಗುತ್ತದೆ, 1964ರಲ್ಲಿ ಬೀಚ್ ಬಾಯ್ಸ್ ಹಾಡಿದಾಗಲೂ ತಿರುಗಿತು. ಕಂಠ ದಣಿಯುತ್ತದೆ, ಆ ಸಾಲು ದಣಿಯುವುದಿಲ್ಲ.

ಲೆವಿಗೆ ಇದು ಚೆನ್ನಾಗಿ ಗೊತ್ತಿತ್ತು. ನ್ಯೂಯಾರ್ಕಿನ ಪ್ರಸಿದ್ಧ ಜಾಝ್ ತಾಣ ‘ಬರ್ಡ್‌ಲ್ಯಾಂಡ್’ ಅವನದು. ಅಲ್ಲಿ ನುಡಿಸುವ ಸಂಗೀತಕ್ಕೆ ಶುಲ್ಕ ಕಟ್ಟಬೇಕೆಂದು ಹಕ್ಕುಗಳ ಸಂಘದವರು ಬಂದಾಗ, ಕೇಳಿಸುವ ಪ್ರತಿ ಸಲವೂ ಹಣ ತರುವ ಇಂಥದೊಂದು ಆಸ್ತಿ ಇದೆಯೇ ಎಂದು ಅವನಿಗೆ ಹೊಳೆಯಿತಂತೆ. 1952ರಲ್ಲಿ ಜಾಝ್ ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ ಆ ತಾಣಕ್ಕಾಗಿ ಕಟ್ಟಿಕೊಟ್ಟ ಕೃತಿಯ ಪ್ರಕಾಶನ ಹಕ್ಕು ಲೆವಿಯ ಕೈಯಲ್ಲೇ ಉಳಿಯಿತು. 1957ರಲ್ಲಿ ‘ರೂಲೆಟ್’ ಎಂಬ ಕಂಪನಿ ಶುರುವಾಯಿತು. ಅದೇ ವರ್ಷ ಜೂಜಿನ ಸಾಲದಲ್ಲಿ ಮುಳುಗಿದ್ದ ಗೋಲ್ಡ್ನರ್ ‘ಗೀ’ಯನ್ನು ಲೆವಿಗೆ ಮಾರಿದ. ಕುದುರೆ ಸೋತಾಗಲೆಲ್ಲ ಹಾಡುಗಳ ಒಡೆತನ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಭೂಗತ ಲೋಕದ ಜೊತೆ ಲೆವಿಯ ನಂಟು ಆ ವ್ಯಾಪಾರದಲ್ಲಿ ಗುಟ್ಟಾಗಿರಲಿಲ್ಲ. 1988ರಲ್ಲಿ ಸುಲಿಗೆಯ ಸಂಚಿಗಾಗಿ ಅವನಿಗೆ ಶಿಕ್ಷೆಯೂ ಆಯಿತು, ಜೈಲು ಸೇರುವ ಮೊದಲೇ 1990ರಲ್ಲಿ ಸತ್ತ.

ಹುಡುಗರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಎದೆಯ ಮೇಲೆ ದೊಡ್ಡ ‘ಟಿ’ ಅಕ್ಷರವಿದ್ದ ಬಿಳಿ ಸ್ವೆಟರ್ ತೊಟ್ಟು ಊರೂರು ಸುತ್ತಿದರು. 1956ರಲ್ಲಿ ಸಿನಿಮಾವೊಂದರಲ್ಲಿ ಕಾಣಿಸಿಕೊಂಡು, ತಾವು ದಾರಿ ತಪ್ಪಿದ ಮಕ್ಕಳಲ್ಲ ಎಂದು ಹಾಡಿದರು. 1957ರ ಆರಂಭದಲ್ಲಿ ಬ್ರಿಟನ್ನಿಗೆ ಹೋಗಿ ಲಂಡನ್ ಪಲೇಡಿಯಮ್ಮಿನ ವೇದಿಕೆ ಏರಿದರು. ಲೈಮನ್ನನ ತಮ್ಮ ಲೂಯಿಸ್ ಕೂಡ ‘ಟೀನ್‌ಕಾರ್ಡ್ಸ್’ ಎಂಬ ತಂಡ ಕಟ್ಟಿಕೊಂಡ. ಹಾರ್ಲೆಮ್ಮಿನ ಎಳೆಯ ದನಿಗೆ ಆಗ ಅಷ್ಟು ಬೇಡಿಕೆ.

ಒಡಕು ಬಿದ್ದದ್ದು ಆ ಯುರೋಪ್ ಪ್ರವಾಸದಲ್ಲಿ. ಲೈಮನ್ ಒಬ್ಬನೇ ಹಾಡಿದರೆ ಇನ್ನೂ ಲಾಭ ಎಂಬುದು ದಣಿಗಳ ಎಣಿಕೆ. ಅವನನ್ನು ಬೇರೆ ಮಾಡಿದರು. ಆಮೇಲೆ ಬಂದ ‘ಗುಡಿ ಗುಡಿ’ ಎಂಬ ಮುದ್ರಿಕೆಯ ಲೇಬಲ್ಲಿನಲ್ಲಿ ‘ಫ್ರ್ಯಾಂಕಿ ಲೈಮನ್ ಅಂಡ್ ದಿ ಟೀನೇಜರ್ಸ್’ ಎಂದೇ ಇತ್ತು. ಅದರಲ್ಲಿ ಆ ನಾಲ್ವರ ದನಿ ಇರಲಿಲ್ಲ. ಮೊದಲ ಹಾಡಿನಲ್ಲಿ ಕೆಲಸ ಮಾಡಿದವರ ಹೆಸರು ಬಿಟ್ಟುಹೋಗಿತ್ತು, ಈ ಹಾಡಿನಲ್ಲಿ ಕೆಲಸ ಮಾಡದವರ ಹೆಸರು ಬಂದಿತ್ತು. ಎರಡೂ ಸಲ ಅವರ ಕೈಗೆ ಸಿಕ್ಕಿದ್ದು ಹೆಚ್ಚು ಕಡಿಮೆ ಒಂದೇ. ಅಂದ ಹಾಗೆ ಅದು 1936ರ ಹಳೆಯ ಹಾಡು, ಹಾಗಾಗಿ ಬರೆದವರ ಪಾಲು ಲೈಮನ್ನನಿಗೂ ಬರುವಂತಿರಲಿಲ್ಲ.

1957ರ ಜುಲೈಯಲ್ಲಿ ರೇಡಿಯೊ ನಿರೂಪಕ ಅಲನ್ ಫ್ರೀಡ್ ನಡೆಸುತ್ತಿದ್ದ ಟಿ.ವಿ. ಕಾರ್ಯಕ್ರಮದಲ್ಲಿ ಲೈಮನ್ ಬಿಳಿಯ ಹುಡುಗಿಯೊಬ್ಬಳ ಜೊತೆ ಕುಣಿದ. ವರ್ಣಭೇದ ಬಿಗಿಯಾಗಿದ್ದ ದಕ್ಷಿಣದ ರಾಜ್ಯಗಳ ಪ್ರಸಾರ ಕೇಂದ್ರಗಳು ಕೆರಳಿದವು, ಕಾರ್ಯಕ್ರಮ ನಿಂತುಹೋಯಿತು. ಅವನಿಗೆ ಹದಿನಾಲ್ಕು ವರ್ಷ. ಅದಕ್ಕಿಂತ ದೊಡ್ಡ ಪೆಟ್ಟು ಒಳಗಿನಿಂದ ಬಂತು: ದನಿ ಒಡೆಯಿತು. ಹುಡುಗನ ದನಿಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರಕ್ಕೆ ಹುಡುಗ ಬೆಳೆಯುತ್ತಾನೆ ಎಂಬ ಸಾದಾ ಸಂಗತಿ ಲೆಕ್ಕಕ್ಕೇ ಬಂದಿರಲಿಲ್ಲವೇನೋ. 1960ರಲ್ಲಿ ಒಂದು ಮುದ್ರಿಕೆ ಪಟ್ಟಿಯ ಕೆಳಗಿನ ಅರ್ಧದಲ್ಲಿ ತಲೆ ಹಾಕಿತು, ಅಷ್ಟೆ. ಇತ್ತ ನಾಲ್ವರು ಬಿಲ್ಲಿ ಲೊಬ್ರಾನೊ ಎಂಬ ಬಿಳಿಯ ಹುಡುಗನನ್ನು ಮುಂದಿಟ್ಟುಕೊಂಡು ಪ್ರಯತ್ನಿಸಿದರು. ಏನೂ ಗಿಟ್ಟಲಿಲ್ಲ. ಐವರಲ್ಲಿ ಒಬ್ಬನನ್ನು ಕಿತ್ತರೆ ಎರಡು ಲಾಭದ ಘಟಕಗಳಾಗುತ್ತವೆ ಎಂದುಕೊಂಡವರಿಗೆ ಎರಡು ನಷ್ಟದ ಘಟಕಗಳು ಸಿಕ್ಕವು.

ಹದಿನೈದರಲ್ಲಿ ಹೆರಾಯಿನ್ ರುಚಿ ಹತ್ತಿಸಿದವಳು ತನ್ನ ಎರಡರಷ್ಟು ವಯಸ್ಸಿನ ಹೆಂಗಸು ಎಂದು ಲೈಮನ್ 1967ರಲ್ಲಿ ‘ಎಬೊನಿ’ ಪತ್ರಿಕೆಗೆ ಹೇಳಿದ್ದ. ಆ ವರ್ಷ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸೇನೆಯ ಕೆಲಸದಲ್ಲಿದ್ದಾಗ, ಶಾಲಾ ಶಿಕ್ಷಕಿಯೊಬ್ಬರನ್ನು ಮದುವೆಯಾಗಿ ಸ್ವಲ್ಪ ಕಾಲ ಸಾವರಿಸಿಕೊಂಡಂತೆ ಕಂಡ. ಮತ್ತೆ ಹಾಡಲು ನ್ಯೂಯಾರ್ಕಿಗೆ ಬಂದವನು 1968ರ ಫೆಬ್ರುವರಿ 27ರಂದು ಅಜ್ಜಿಯ ಮನೆಯ ಬಚ್ಚಲಿನಲ್ಲಿ ಸತ್ತು ಬಿದ್ದಿದ್ದ. ಇಪ್ಪತ್ತೈದು ವರ್ಷ. ಬ್ರಾಂಕ್ಸ್‌ನಲ್ಲಿರುವ ಅವನ ಗೋರಿಯ ಮೇಲೆ ವರ್ಷಗಟ್ಟಲೆ ಹೆಸರಿನ ಕಲ್ಲೂ ಇರಲಿಲ್ಲ. 1977ರಲ್ಲಿ ಗಾರ್ನ್ಸ್, 1978ರಲ್ಲಿ ನೆಗ್ರೋನಿ ತೀರಿಕೊಂಡರು. ಇಬ್ಬರಿಗೂ ನಲವತ್ತು ತುಂಬಿರಲಿಲ್ಲ.

ಪ್ರಕರಣ ಇಲ್ಲಿಗೆ ಮುಗಿಯಬಹುದಿತ್ತು. 1981ರಲ್ಲಿ ಖ್ಯಾತ ಗಾಯಕಿ ಡಯಾನಾ ರಾಸ್ ಆ ಹಾಡನ್ನು ಮತ್ತೆ ಹಾಡಿದರು. ಅದು ಅಮೆರಿಕದಲ್ಲಿ ಏಳನೆಯ, ಬ್ರಿಟನ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಹೋಯಿತು. ನಿಂತ ಗಾಲಿ ಭರದಿಂದ ತಿರುಗತೊಡಗಿತು. ಅದೇ ಹೊತ್ತಿಗೆ ಇನ್ನೊಂದು ಗಡಿಯಾರವೂ ಹೊಡೆಯುವುದರಲ್ಲಿತ್ತು. ಹಳೆಯ ಕಾಯಿದೆಯಲ್ಲಿ ಹಕ್ಕುಸ್ವಾಮ್ಯ ಮೊದಲು 28 ವರ್ಷಕ್ಕೆ, ಆಮೇಲೆ ನವೀಕರಣ. ನವೀಕರಣದ ಹಕ್ಕು ಬರೆದವನದು. ಅವನು ಸತ್ತಿದ್ದರೆ ವಿಧವೆಯದು, ಮಕ್ಕಳದು. 1956ಕ್ಕೆ 28 ಕೂಡಿಸಿದರೆ 1984. ಲೈಮನ್ನನ ವಿಧವೆ ಯಾರು ಎಂಬ ಪ್ರಶ್ನೆಗೆ ಬೆಲೆ ಬಂದದ್ದು ಇದರಿಂದ. ‘ಪ್ಲ್ಯಾಟರ್ಸ್’ ತಂಡದ ಗಾಯಕಿ ಝೋಲಾ ಟೇಲರ್ ಸೇರಿ ಮೂವರು ಮುಂದೆ ಬಂದರು. ಲೈಮನ್ ಒಬ್ಬರಿಂದಲೂ ಬಿಡುಗಡೆ ಪಡೆದಿರಲಿಲ್ಲ. ಕೆಳಗಿನ ಕೋರ್ಟು ಮೊದಲ ಹೆಂಡತಿಯ ಪರ ಹೇಳಿತು, ಮೇಲಿನದು ಅದನ್ನು ತಳ್ಳಿ ಜಾರ್ಜಿಯಾದ ಶಿಕ್ಷಕಿಯೇ ಕಾನೂನಿನ ಕಣ್ಣಿನಲ್ಲಿ ವಿಧವೆ ಎಂದಿತು.

ಉಳಿದಿದ್ದ ಇಬ್ಬರು, ಸ್ಯಾಂಟಿಯಾಗೊ ಮತ್ತು ಮರ್ಚೆಂಟ್, 1987ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿಗೆ ಹೋದರು. ಹಾಡನ್ನು ಬರೆದವರು ನಾವು ಎಂಬುದು ವಾದ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಲೆವಿಯ ಭಯವೂ ಅವರ ಉತ್ತರಗಳಲ್ಲಿ ಒಂದಾಗಿತ್ತು. ನಂಬದಿರಲು ಕಾರಣ ಕಾಣುವುದಿಲ್ಲ. 1992ರಲ್ಲಿ ಜ್ಯೂರಿ ಅವರ ಮಾತನ್ನು ಒಪ್ಪಿತು: ಲೈಮನ್ನನ ಜೊತೆ ಇವರಿಬ್ಬರೂ ಹಾಡಿನ ಸಹಕರ್ತೃಗಳು. ಮೂವತ್ತಾರು ವರ್ಷಗಳ ನಂತರ ಲೇಬಲ್ಲಿನ ಸಾಲನ್ನು ತಿದ್ದಿದಂತಾಯಿತು. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಐವರನ್ನೂ ಸೇರಿಸಿದರು, ಹೆಸರು ಹಿಡಿದು.

1996ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ಇವರು ಹಾಡು ಬರೆದಿಲ್ಲ ಎಂದು ಅದು ಹೇಳಲಿಲ್ಲ, ಗಮನಿಸಬೇಕು. ಹಕ್ಕುಸ್ವಾಮ್ಯದ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ಸಹಕರ್ತೃ ತಾನು ಎನ್ನುವವನಿಗೆ ತನ್ನ ಹೆಸರು ಬಿಟ್ಟುಹೋಗಿದೆ ಎಂದು ತಿಳಿದ ದಿನದಿಂದಲೇ ಗಡಿಯಾರ ಓಡುತ್ತದೆ, ರಾಯಲ್ಟಿ ತಪ್ಪಿದಾಗಲೆಲ್ಲ ಹೊಸದಾಗಿ ಶುರುವಾಗುವುದಿಲ್ಲ ಎಂಬುದು ನ್ಯಾಯಾಲಯದ ನಿಲುವು. ಹುಡುಗರಾಗಿದ್ದ ವರ್ಷಗಳನ್ನು ಬಿಟ್ಟುಕೊಟ್ಟು, ಇಪ್ಪತ್ತೊಂದು ತುಂಬಿದ ದಿನದಿಂದ ಎಣಿಸಿದರೂ ಅರವತ್ತರ ದಶಕದ ನಡುವಿಗೆ ಬಾಗಿಲು ಮುಚ್ಚಿಹೋಗಿತ್ತು. ಕಾನೂನಿನ ದೃಷ್ಟಿಯಿಂದ ಇದು ವಿಚಿತ್ರವಲ್ಲ. ನಲವತ್ತು ವರ್ಷದ ಹಿಂದಿನ ಕೋಣೆಯಲ್ಲಿ ಯಾರು ಯಾವ ಸಾಲು ಹೇಳಿದರು ಎಂದು ನೆನಪನ್ನೇ ನಂಬಿ ತೀರ್ಮಾನಿಸುವುದು ಕಷ್ಟ, ಹಕ್ಕನ್ನು ಕೊಂಡವರಿಗೂ ಒಂದು ನೆಮ್ಮದಿ ಬೇಕು. ಆದರೆ ಈ ಪ್ರಕರಣದಲ್ಲಿ ಕಷ್ಟದ ಭಾಗ ಆಗಲೇ ಮುಗಿದಿತ್ತು. ಜ್ಯೂರಿ ಎಲ್ಲ ಕೇಳಿ, ಬರೆದವರು ಇವರು ಎಂದು ಹೇಳಿಯಾಗಿತ್ತು. 1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಹಾಡನ್ನು ಬರೆದವರ ಜಾಗದಲ್ಲಿ ಇಂದಿಗೂ ಇರುವುದು ಎರಡು ಹೆಸರು: ಲೈಮನ್, ಲೆವಿ. ಸ್ಯಾಂಟಿಯಾಗೊನ ಹೆಸರು ಬೇಕೆಂದರೆ 1956ರ ಮೊದಲ ಮುದ್ರಣದ ತಟ್ಟೆಯನ್ನೇ ಹುಡುಕಿ, ಬೆಳಕಿಗೆ ಹಿಡಿದು ಓದಬೇಕು. ಮರ್ಚೆಂಟನ ಹೆಸರು ಅದರಲ್ಲೂ ಇಲ್ಲ.